ಮೊದಲ ಮಾತ್ರೆಗೆ ಮುಂಚೆ ಕಾಯಬೇಕು

"ಡಾಕ್ಟ್ರೇ, ಒಂದು ವಾರದಲ್ಲಿ ಚಟ ಬಿಡಿಸಿಕೊಡಿ. ಆಮೇಲೆ ಕಾಫಿ ಕೊಯ್ಲು ಶುರುವಾಗ್ತದೆ." ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಮಗನನ್ನು ಕರೆತಂದ ಅಪ್ಪನ ಮಾತು. ಹುಡುಗ ತೋಟದ ಜೀಪು ಓಡಿಸುತ್ತಾನೆ. ಬೆನ್ನುನೋವಿಗೆಂದು ಟ್ರಮಡಾಲ್ ಎಂಬ ನೋವಿನ ಮಾತ್ರೆ ನುಂಗಿದ್ದ. ಆಮೇಲೆ ಅದೇ ಜಾತಿಯ ಟಪೆಂಟಡಾಲ್. ಈಗ ಅದನ್ನೇ ಅರೆದು, ನೀರಲ್ಲಿ ಕಲಸಿ, ಸೂಜಿಯಲ್ಲಿ ಚುಚ್ಚಿಕೊಳ್ಳುವ ಮಟ್ಟಕ್ಕೆ ಬಂದಿದ್ದ.

ಇಂಥ ಮಾತ್ರೆ, ಹೆರಾಯಿನ್ ನಿಲ್ಲಿಸಿದರೆ ಎಂಟು-ಹನ್ನೆರಡು ಗಂಟೆಯಲ್ಲಿ ಕಾಟ ಶುರು. ಆಕಳಿಕೆ, ಮೂಗು ಸೋರುವುದು, ಮೈಮೇಲಿನ ಕೂದಲು ನಿಮಿರುವುದು, ಹೊಟ್ಟೆ ನುಲಿತ, ಭೇದಿ, ರಾತ್ರಿಯಿಡೀ ಕಾಲು ಒದೆಯುವುದು. ಎರಡು-ಮೂರನೇ ದಿನ ಜಾಸ್ತಿ. ವಾರದ ಹೊತ್ತಿಗೆ ಇಳಿಯುತ್ತದೆ, ನಿದ್ದೆ ಮಾತ್ರ ಸರಿಹೋಗಲು ಇನ್ನೂ ಕೆಲವು ವಾರ ಬೇಕು.

ಇದಕ್ಕೆ ನಾವು ಕೊಡುವುದು ಬ್ಯೂಪ್ರೆನಾರ್ಫಿನ್, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರನ್ನೂ ಎಬ್ಬಿಸಿ ಕೂರುವ ಗಟ್ಟಿ ಆಸಾಮಿ ಇದು. ಮೆದುಳಿನ ಸೀಟುಗಳಲ್ಲಿ ಹಳೆ ಮದ್ದು ಕೂತಿದ್ದರೆ ಎಳೆದು ಹಾಕುತ್ತದೆ. ಆದರೆ ತಾನು ಮಾಡುವ ಕೆಲಸ ಅರ್ಧದಷ್ಟೇ. ಹಾಗಾಗಿ ಬೇಗ ಕೊಟ್ಟರೆ ಕಾಟ ತಗ್ಗುವ ಬದಲು ಒಮ್ಮೆಲೇ ಸಿಡಿಯುತ್ತದೆ.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಹೊಸದರಲ್ಲಿ ಒಬ್ಬ "ನಿನ್ನೆಯಿಂದ ಏನೂ ಮುಟ್ಟಿಲ್ಲ ಸಾರ್" ಅಂದ. ಮನೆಯವರೂ ಬೇಡಿಕೊಂಡರು. ನಂಬಿ ಮಾತ್ರೆ ಕೊಟ್ಟೆ. ಅರ್ಧ ಗಂಟೆಯಲ್ಲಿ ವಾಂತಿ, ಬೆವರು, ಕಿರುಚಾಟ. ಬರುವ ದಾರಿಯಲ್ಲೇ ಚುಚ್ಚಿಕೊಂಡಿದ್ದನಂತೆ. ಈಗ ಮಾತಿಗಿಂತ ಆಕಳಿಕೆಯನ್ನು, ಕಣ್ಣಿನ ಪಾಪೆಯನ್ನು ನಂಬುತ್ತೇನೆ. ಬೈದರೆ ಸುಳ್ಳು ಜಾಸ್ತಿಯಾಗುತ್ತದೆ, ಅದಕ್ಕೇ ಬೈಯುವುದಿಲ್ಲ.

ಜೀಪಿನ ಹುಡುಗನನ್ನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದೆ. ಅಪ್ಪನಿಗೆ ಸಿಟ್ಟು. ಮೈ ನಡುಗತೊಡಗಿದ ಮೇಲೆ ಮೊದಲ ಮಾತ್ರೆ. ಒಂದು ಗಂಟೆಯಲ್ಲಿ ಹುಡುಗ ಹಸಿವು ಅಂದ.

ಅಸಲಿ ಜಗಳ ಶುರುವಾಗಿದ್ದು ಎಂಟನೇ ದಿನ. "ಒಂದು ಬಿಡಿಸಿ ಇನ್ನೊಂದಕ್ಕೆ ಅಂಟಿಸ್ತೀರಾ?" ಅಂತ ಅಪ್ಪ. ಕೇಳುವುದು ಸರಿಯೇ. ಆದರೆ ವಾರದಲ್ಲಿ ಎಲ್ಲ ನಿಲ್ಲಿಸಿ ಮನೆಗೆ ಕಳಿಸಿದರೆ ಹೆಚ್ಚಿನವರು ಮತ್ತೆ ಶುರು ಮಾಡುತ್ತಾರೆ. ಅಷ್ಟರಲ್ಲಿ ಮೈ ಹಳೆ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮೊದಲಿನಷ್ಟೇ ಚುಚ್ಚಿಕೊಂಡರೆ ಉಸಿರೇ ನಿಲ್ಲಬಹುದು. ಬರೀ ಬಿಡಿಸಿ ಕಳಿಸಲು ನನಗೆ ಹೆದರಿಕೆ ಇದಕ್ಕೇ. ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಮಾತ್ರೆ ಮುಂದುವರಿಸಿ, ನಿಧಾನಕ್ಕೆ ಇಳಿಸುತ್ತೇನೆ.

ಪೊಲೀಸ್ ಕೇಸಾದೀತು ಎಂದು ಎಷ್ಟೋ ಮನೆಯವರು ಬರುವುದೇ ಇಲ್ಲ. ಬಳಸುತ್ತೇನೆಂದು ಹೇಳಿದ್ದಕ್ಕೆ ಡಾಕ್ಟರು ಕೇಸು ಹಾಕಿಸುವುದಿಲ್ಲ. ಸ್ವಂತ ಬಳಕೆಯ ಕೇಸಿದ್ದರೂ, ತಾನಾಗಿ ಸರ್ಕಾರಿ ಇಲ್ಲವೇ ಸರ್ಕಾರದ ಮಾನ್ಯತೆಯ ಕಡೆ ಚಿಕಿತ್ಸೆಗೆ ಬಂದವರಿಗೆ 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತು ತಡೆ ಕಾನೂನು) 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಎಲ್ಲಿಗೆ ಹೋಗಬೇಕೆಂದು ಕೇಳಲು 14446 ಸಹಾಯವಾಣಿ ಇದೆ.

ಹುಡುಗ ಆ ವರ್ಷದ ಕೊಯ್ಲಿಗೆ ಜೀಪು ಓಡಿಸಿದ. ಮಾತ್ರೆ ಅಮ್ಮನ ಬೀರುವಿನಲ್ಲಿ. ಬೆಳಗ್ಗೆ ಅದು ನಾಲಿಗೆ ಕೆಳಗೆ ಕರಗುವವರೆಗೆ ಕಾಫಿ ಕುಡಿಯುವಂತಿಲ್ಲ. ಸದ್ಯ ಅವನ ದೂರು ಅದೊಂದೇ.