ಪದ ಪರಿಚಯ: ಗ್ರಹಿಕೆಯ ಅವಧಿ

ಗಡಿಯಾರ ಅಳೆಯುವ ಕಾಲ ಒಂದು, ಕಾಯುವವನ ಮನಸ್ಸಿಗೆ ಕಳೆದಂತೆ ತೋರುವ ಕಾಲ ಇನ್ನೊಂದು. ಈ ಎರಡನೆಯದೇ ಗ್ರಹಿಕೆಯ ಅವಧಿ. ಇವೆರಡರ ನಡುವಿನ ಅಂತರ ಎಲ್ಲ ಕಾಯುವಿಕೆಯಲ್ಲೂ ಇರುತ್ತದೆಯಾದರೂ ವಿಡಿಯೊ ಗೇಮ್‌ಗಳಲ್ಲಿ ಅದು ಹೆಚ್ಚು ಎದ್ದು ಕಾಣುತ್ತದೆ. ಅಲ್ಲಿನ ಬಹುಪಾಲು ಕಾಯುವಿಕೆಗಳು ಸೆಕೆಂಡುಗಳಲ್ಲೇ ಮುಗಿದರೂ ಆಡುವವರು ಗೊಣಗುವುದು ನಿಮಿಷಗಟ್ಟಲೆ ಕೂತವರಂತೆ.

ಜೇವರ್ಗಿ, ಆಳಂದದ ಕಡೆಯಿಂದ ಓದಲು ಬಂದು ಕಲಬುರಗಿಯಲ್ಲಿ ರೂಮು ಮಾಡಿಕೊಂಡಿರುವ ಹುಡುಗರು ರಾತ್ರಿ ಊಟವಾದ ಮೇಲೆ ಸ್ಕ್ವಾಡ್ ಕಟ್ಟಿಕೊಂಡು ಆಡಲು ಕೂತಾಗ ಇದನ್ನು ಗಮನಿಸಬಹುದು. ಗುಂಡಿನ ಕಾಳಗದ ಆಟವಾದ ಪಬ್‌ಜಿಯಲ್ಲಿ ಗಾಯ ವಾಸಿಮಾಡುವ ಫಸ್ಟ್ ಏಡ್ ಕಿಟ್ ಬಳಸಲು 6 ಸೆಕೆಂಡ್, ಮೆಡ್ ಕಿಟ್‌ಗೆ 8 ಸೆಕೆಂಡ್, ಏಟು ತಿಂದು ನಾಕ್ ಆಗಿ ಬಿದ್ದ ಜೊತೆಗಾರನನ್ನು ಎಬ್ಬಿಸಲು 10 ಸೆಕೆಂಡ್ ಬೇಕು. ಬಿದ್ದವನು “ಜಲ್ದಿ ರಿವೈವ್ ಕೊಡೋ” ಎಂದು ಮೈಕಿನಲ್ಲಿ ಕೂಗುತ್ತಿರುವಾಗ ಆ 10 ಸೆಕೆಂಡ್ ಮುಗಿಯುವುದೇ ಇಲ್ಲವೇನೋ ಎನಿಸುತ್ತದೆ. ಅದೇ ಹುಡುಗರಿಗೆ ಆಟದ ನಡುವೆ ಎರಡು ತಾಸು ಕಳೆದದ್ದು ಮಾತ್ರ ಗೊತ್ತೇ ಆಗಿರುವುದಿಲ್ಲ.

ಇದಕ್ಕೆ ಮನಶ್ಶಾಸ್ತ್ರ ಕೊಡುವ ಮುಖ್ಯ ವಿವರಣೆ ಗಮನಕ್ಕೆ ಸಂಬಂಧಿಸಿದ್ದು. ಓಡುವಾಗ, ಗುರಿ ಹಿಡಿಯುವಾಗ, ಹೆಜ್ಜೆಯ ಸದ್ದು ಯಾವ ಕಡೆಯಿಂದ ಬಂತೆಂದು ಆಲಿಸುವಾಗ ಗಮನವೆಲ್ಲ ಆ ಕೆಲಸಗಳಿಗೇ ಖರ್ಚಾಗುವುದರಿಂದ ಕಾಲದ ಲೆಕ್ಕವಿಡಲು ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಗಾಯಕ್ಕೆ ಮದ್ದು ಹಾಕುವ ಹೊತ್ತಿನಲ್ಲಾದರೆ ಗುಂಡು ಹಾರಿಸುವಂತಿಲ್ಲ, ಎಷ್ಟು ಹೊತ್ತು ಬಾಕಿಯಿದೆಯೆಂದು ತೋರಿಸಲು ಪರದೆಯ ಮೇಲೆ ತುಂಬುತ್ತಿರುವ ಒಂದು ವೃತ್ತವನ್ನು ನೋಡುವುದಷ್ಟೇ ಬಾಕಿ. ಆಗ ಗಮನ ಕಾಲದ ಮೇಲೆಯೇ ಬೀಳುತ್ತದೆ, ಕಾಲ ಹಿಗ್ಗುತ್ತದೆ. ಅಪಾಯದಿಂದ ಹುಟ್ಟಿದ ಉದ್ವೇಗವೂ ಇದಕ್ಕೆ ಸೇರಿಕೊಳ್ಳುತ್ತದೆ, ಏಕೆಂದರೆ ಎದೆ ಡವಗುಟ್ಟುವಾಗ ನಮ್ಮೊಳಗಿನ ಎಣಿಕೆ ವೇಗವಾಗಿ ಸಾಗುತ್ತದೆ. ಚಿಕ್ಕ ಅವಧಿಗಳನ್ನು ನಾವು ಇರುವುದಕ್ಕಿಂತ ಉದ್ದವೆಂದೂ ದೀರ್ಘ ಅವಧಿಗಳನ್ನು ಚಿಕ್ಕವೆಂದೂ ಅಂದಾಜಿಸುವ ಒಲವುಳ್ಳವರು ಎಂಬುದನ್ನು ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಫೀರೋರ್ಟ್ 1868ರಷ್ಟು ಹಿಂದೆಯೇ ದಾಖಲಿಸಿದ್ದರು.

ಆಟದ ಲಯವನ್ನೂ ಮರೆಯಬಾರದು. ಸೆಕೆಂಡಿಗೆ 60 ಚಿತ್ರ ಮೂಡಿಸುವ ಆಟದಲ್ಲಿ ಒಂದೊಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್ ಮಾತ್ರ ಸಿಗುತ್ತದೆ. ಕಂಪ್ಯೂಟರ್ ಬಳಕೆಯ ಸರಾಗತೆಯ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲಿ ಜನಪ್ರಿಯಗೊಳಿಸಿದ ಮಿತಿಗಳ ಪ್ರಕಾರ, 0.1 ಸೆಕೆಂಡಿನೊಳಗೆ ಬಂದ ಪ್ರತಿಕ್ರಿಯೆ ತಕ್ಷಣದ್ದೆನಿಸುತ್ತದೆ, 1 ಸೆಕೆಂಡ್ ದಾಟಿದರೆ ಯೋಚನೆಯ ಓಟ ಕಡಿಯುತ್ತದೆ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ಬೆರಳೊತ್ತಿದ ಕೂಡಲೇ ಉತ್ತರ ಪಡೆಯಲು ಒಗ್ಗಿಹೋದವನಿಗೆ ಪೂರ್ತಿ ಒಂದು ಸೆಕೆಂಡ್ ಉತ್ತರವಿಲ್ಲದೆ ಇರುವುದು ಚಿಕ್ಕ ಮಾತಲ್ಲ.

ಯಾವಾಗ ಮುಗಿಯುತ್ತದೆಂದು ತಿಳಿಯದ ಕಾಯುವಿಕೆ ಇನ್ನೂ ಕೆಟ್ಟದ್ದು. ವಾಡಿ ಜಂಕ್ಷನ್ನಿನ ಔಟರ್‌ನಲ್ಲಿ ಸಿಗ್ನಲ್ಲಿಗೆ ನಿಂತ ರೈಲಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಆಟ ತೆರೆದುಕೊಳ್ಳಲು ಸಿದ್ಧವಾಗುತ್ತಿರುವುದನ್ನು ತೋರಿಸುವ ಲೋಡಿಂಗ್ ಪಟ್ಟಿ ಕೊನೆಯ ಅಂಚಿಗೆ ಬಂದು ಅಲ್ಲಾಡದೆ ನಿಂತಾಗ ಆಗುವ ಅನುಭವವೂ ಅದೇ. ಆಟ ಕಟ್ಟುವವರಿಗೆ ಇದು ಮೊದಲಿನಿಂದಲೂ ಗೊತ್ತು. ಪ್ಲೇಸ್ಟೇಷನ್ ಎಂಬ ಆಟದ ಯಂತ್ರಕ್ಕೆ 1994ರಲ್ಲಿ ಬಂದ ರಿಡ್ಜ್ ರೇಸರ್ ಆಟ ಲೋಡ್ ಆಗುವಾಗ ನ್ಯಾಮ್ಕೋ ಸಂಸ್ಥೆ ತನ್ನ ಹಳೆಯ ಗ್ಯಾಲಕ್ಸಿಯನ್ ಆಟವನ್ನು ಆಡಲು ಕೊಟ್ಟಿತು; ಇಂತಹ ಉಪಾಯದ ಮೇಲೆ ಅದು ಪಡೆದ ಅಮೆರಿಕದ ಪೇಟೆಂಟ್‌ನ ಅವಧಿ ಮುಗಿದದ್ದು 2015ರಲ್ಲಿ. 1996ರ ರೆಸಿಡೆಂಟ್ ಈವಿಲ್ ಎಂಬ ಭಯದ ಆಟ ಇನ್ನೂ ಜಾಣತನ ತೋರಿತು: ಮುಂದಿನ ಕೋಣೆ ಲೋಡ್ ಆಗುವ ಹೊತ್ತಿಗೆ ಬಾಗಿಲೊಂದು ನಿಧಾನವಾಗಿ ತೆರೆಯುವ ದೃಶ್ಯವನ್ನಿಟ್ಟು, ಯಂತ್ರದ ತಡವನ್ನೇ ಭಯವಾಗಿ ಮಾರ್ಪಡಿಸಿತು. ನನ್ನ ದೃಷ್ಟಿಯಲ್ಲಿ ಇದು ಪೇಟೆಂಟ್ ಪಡೆದ ಉಪಾಯಕ್ಕಿಂತ ಮೇಲು.

ಹಾಗೆಂದು ಎಲ್ಲ ದೂರನ್ನೂ ಆಡುವವನ ಮನಸ್ಸಿನ ಮೇಲೆ ಹೊರಿಸಲಾಗದು. ಜಿಟಿಎ ಆನ್‌ಲೈನ್ ಆಟದ ಹಲವು ನಿಮಿಷಗಳ ಲೋಡಿಂಗ್‌ಗೆ ಮುಖ್ಯ ಕಾರಣ ಒಂದು ದತ್ತಾಂಶ ಕಡತವನ್ನು ಓದುವ ಅದಕ್ಷ ವಿಧಾನವೆಂಬುದನ್ನು 2021ರಲ್ಲಿ ಆಟಗಾರನೊಬ್ಬ ಪತ್ತೆ ಮಾಡಿದ; ಕಂಪನಿಯೂ ಅದನ್ನು ಸರಿಪಡಿಸಿತು.

ಕಾಯುವಿಕೆಗಳನ್ನೆಲ್ಲ ಕಡಿಮೆ ಮಾಡಬೇಕೆಂದೂ ಇಲ್ಲ. ಲೋಡಿಂಗ್ ಯಂತ್ರದ ಮಿತಿಯಾದರೆ, ಮೆಡ್ ಕಿಟ್‌ನ 8 ಸೆಕೆಂಡ್ ಆಟದ ನಿಯಮ. ಅದು ಉದ್ದವೆನಿಸಲೆಂದೇ ಇದೆ. ಅದನ್ನು 1 ಸೆಕೆಂಡಿಗೆ ಇಳಿಸಿದರೆ ಗೋಡೆಯ ಮರೆ ಹುಡುಕುವ ಅಗತ್ಯವೇ ಇರುವುದಿಲ್ಲ.

ಈ ಪದವನ್ನು ಬಳಸುವಾಗ ಒಂದು ಭೇದವನ್ನು ಗಮನದಲ್ಲಿಡಬೇಕು. ಕಾಯುತ್ತಿರುವಾಗಲೇ ಅಂದಾಜಿಸಿದ ಅವಧಿ ಗಮನವನ್ನು ಅವಲಂಬಿಸಿದರೆ, ಮುಗಿದ ಮೇಲೆ ನೆನೆದು ಅಂದಾಜಿಸಿದ್ದು ಆ ಹೊತ್ತಿನಲ್ಲಿ ಎಷ್ಟು ಸಂಗತಿಗಳು ನೆನಪಿನಲ್ಲಿ ಉಳಿದವು ಎಂಬುದನ್ನು ಅವಲಂಬಿಸುತ್ತದೆ. ಏನೂ ನಡೆಯದ ಹೊತ್ತು ಕಾಯುವಾಗ ಹಿಗ್ಗಿದಷ್ಟೇ ಸುಲಭವಾಗಿ ನೆನಪಿನಲ್ಲಿ ಕುಗ್ಗುತ್ತದೆ. ಆದ್ದರಿಂದ ಮ್ಯಾಚ್ ಮುಗಿದ ಮೇಲೆ ಕೇಳಿದಾಗ ಬರುವ ಉತ್ತರವನ್ನು, ವೃತ್ತ ತುಂಬುತ್ತಿದ್ದಾಗ ಆಡುವವನಿಗೆ ಆದ ಅನುಭವದ ಅಳತೆಯೆಂದು ಹಿಡಿಯಲಾಗದು.