ತುಟಿಯ ಗುಳ್ಳೆ ಮತ್ತು ಸಂಸಾರದ ಸಂಶಯ

ನಾಲ್ಕಾಗಿ ಮಡಿಸಿದ ಲ್ಯಾಬ್ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟು ಆಕೆ ಆಡಿದ ಮೊದಲ ಮಾತು: “ಮೇಡಂ, ನಾನು ಯಾವ ತಪ್ಪೂ ಮಾಡಿಲ್ಲ.” ಪಕ್ಕದಲ್ಲಿ ಕುಳಿತಿದ್ದ ಗಂಡ ಫ್ಯಾನಿನತ್ತ ನೋಡುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಮೂರು ದಿನಗಳಿಂದ ಆಕೆಯ ಜನನಾಂಗದ ಮೇಲೆ ಗುಳ್ಳೆಗಳೆದ್ದು, ಒಡೆದು, ಹುಣ್ಣಾಗಿದ್ದವು. ಮೂತ್ರಕ್ಕೆ ಹೋದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ, ತೊಡೆಸಂದಿನಲ್ಲಿ ಗಂಟು, ಮೈ ಬೆಚ್ಚಗೆ. ರಿಪೋರ್ಟಿನಲ್ಲಿ ‘ಹರ್ಪಿಸ್’ ಎಂದಿತ್ತು. ಅದು ಲೈಂಗಿಕ ರೋಗವೆಂದು ಗಂಡ ಮೊಬೈಲಿನಲ್ಲಿ ಓದಿಕೊಂಡಿದ್ದರು. ಆಮೇಲೆ ಮನೆಯಲ್ಲಿ ಏನೇನು ಮಾತಾಯಿತೋ, ನಾನು ಕೇಳಲಿಲ್ಲ.

ನನ್ನ ಕಣ್ಣು ಹೋದದ್ದು ಆತನ ಕೆಳತುಟಿಯ ಅಂಚಿಗೆ. ಕಡಲೆಬೇಳೆಯಷ್ಟು ಅಗಲದ, ಇಂದೋ ನಾಳೆಯೋ ಉದುರುವಂತಿದ್ದ ಹಕ್ಕಳೆ ಅಲ್ಲಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ.

“ಇದಾ ಮೇಡಂ? ಒಂದು ವಾರದ ಮೇಲಾಯಿತು. ಉಷ್ಣಕ್ಕೆ ಆಗಿದ್ದು. ಬಿಸಿಲಲ್ಲಿ ತಿರುಗಿದರೆ ಬರುತ್ತದೆ, ಚಿಕ್ಕಂದಿನಿಂದಲೂ ಇದೆ.”

ನಮ್ಮಲ್ಲಿ ‘ಉಷ್ಣ’ ಎಂಬ ಒಂದೇ ಪದದೊಳಗೆ ಹಲವು ಕಾಯಿಲೆಗಳು ಅಡಗಿ ಕುಳಿತಿವೆ. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಬರುವ ಸಾಮಾನ್ಯ ಬಾಯಿಹುಣ್ಣು ಯಾರಿಗೂ ಅಂಟುವುದಿಲ್ಲ. ತುಟಿಯ ಅಂಚಿನಲ್ಲಿ ಮೊದಲು ಚುರುಗುಟ್ಟಿ, ಮರುದಿನ ನೀರು ತುಂಬಿದ ಸಣ್ಣ ಗುಳ್ಳೆಗಳು ಗೊಂಚಲಾಗಿ ಎದ್ದು, ಒಡೆದು, ಹಕ್ಕಳೆಗಟ್ಟಿ, ಏಳೆಂಟು ದಿನಗಳಲ್ಲಿ ಮಾಯುವ ‘ಜ್ವರದ ಗುಳ್ಳೆ’ ಬೇರೆಯೇ. ಅದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಹೆಚ್ಚಾಗಿ ಅದರ ಮೊದಲ ಬಗೆ. ಸರ್ಪಸುತ್ತಿನ ವೈದ್ಯಕೀಯ ಹೆಸರಲ್ಲೂ ಹರ್ಪಿಸ್ ಎಂದಿರುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ. ಸರ್ಪಸುತ್ತು ಸೀತಾಳೆಸಿಡುಬಿನ ವೈರಸ್ಸಿನದು. ಅದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ, ಅಷ್ಟೆ.

ಈ ವೈರಸ್ ಎಷ್ಟು ಸಾಮಾನ್ಯವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ಶೇ 64 ಮಂದಿಯಲ್ಲಿ, ಮೊದಲ ಬಗೆಯದು ಇದೆ. ಬಹುತೇಕರಿಗೆ ಇದು ಬರುವುದು ಬಾಲ್ಯದಲ್ಲಿ, ಮನೆಯವರು ಕೊಟ್ಟ ಮುತ್ತಿನಿಂದ. ಹೆಚ್ಚಿನವರಿಗೆ ಬಂದದ್ದೇ ಗೊತ್ತಾಗುವುದಿಲ್ಲ. ಒಮ್ಮೆ ಬಂದ ವೈರಸ್ ಮುಖದ ನರದ ಬುಡದಲ್ಲಿ ಬಾಡಿಗೆ ಕೊಡದ ಬಿಡಾರ ಹೂಡುತ್ತದೆ. ಜ್ವರ, ಬಿಸಿಲು, ನಿದ್ದೆಗೇಡು, ಮುಟ್ಟು, ಏನಾದರೊಂದು ನೆಪ ಸಿಕ್ಕಾಗ ಅದೇ ನರದ ದಾರಿ ಹಿಡಿದು ತುಟಿಗೆ ಇಳಿಯುತ್ತದೆ.

ಇನ್ನೊಂದು ಪ್ರಶ್ನೆ ಕೇಳುವುದಿತ್ತು. ಇಷ್ಟು ವರ್ಷಗಳ ಅಭ್ಯಾಸವಿದ್ದರೂ ಅದನ್ನು ಕೇಳುವಾಗ ಈಗಲೂ ಪೆನ್ನಿನ ಕ್ಯಾಪ್ ತೆರೆದು ಮುಚ್ಚುತ್ತೇನೆ: ತುಟಿಯಲ್ಲಿ ಗುಳ್ಳೆ ಇದ್ದಾಗ ಓರಲ್ ಸೆಕ್ಸ್ ಇತ್ತೇ? ಇಬ್ಬರೂ ನೆಲ ನೋಡಿದರು. ಉತ್ತರ ಸಿಕ್ಕಿತು. ತುಟಿಯ ವೈರಸ್ ಜನನಾಂಗಕ್ಕೆ ದಾಟುವ ದಾರಿ ಇದು. ತಗಲಿದ ಎರಡರಿಂದ ಹನ್ನೆರಡು ದಿನಗಳೊಳಗೆ ಹುಣ್ಣು ಕಾಣಿಸುತ್ತದೆ. ಲೆಕ್ಕ ತಾಳೆಯಾಗುತ್ತಿತ್ತು.

ಆಕೆ ತಂದಿದ್ದ ರಿಪೋರ್ಟು ಐಜಿಎಂ ರಕ್ತಪರೀಕ್ಷೆಯದು, ಅಂದರೆ ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ. ನನ್ನ ಕೈಗೆ ಬರುವ ಅತ್ಯಂತ ನಿರುಪಯುಕ್ತ ಕಾಗದಗಳಲ್ಲಿ ಅದೂ ಒಂದು. ಸುಳ್ಳು ಪಾಸಿಟಿವ್ ಬರುವುದು ಅದಕ್ಕೆ ಹೊಸದಲ್ಲ, ಸೋಂಕು ಹೊಸದೋ ಹಳೆಯದೋ ಎಂದೂ ಅದನ್ನು ನಂಬಿ ಹೇಳಲಾಗದು. ಇಂಥ ಕಾಗದ ಹಿಡಿದುಕೊಂಡು ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಕಟಕಟೆಗೆ ಹತ್ತಿಸಿದ್ದನ್ನು ಕಂಡಿದ್ದೇನೆ. ಹುಣ್ಣಿನಿಂದಲೇ ಸ್ವಾಬ್ ತೆಗೆದು, ವೈರಸ್ಸನ್ನೇ ನೇರವಾಗಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಕಳುಹಿಸಿದೆ, ರೂಢಿಯಂತೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗೂ ಬರೆದೆ. ಫಲಿತಾಂಶಕ್ಕೆ ಕಾಯದೆ ಮಾತ್ರೆ ಶುರು ಮಾಡಿಸಿದೆ. ಕೊನೆಗೆ ಬಂದ ಉತ್ತರ: ಹರ್ಪಿಸ್ ಸಿಂಪ್ಲೆಕ್ಸ್, ಮೊದಲ ಬಗೆ. ಉಳಿದೆರಡು ನೆಗೆಟಿವ್. ಜನನಾಂಗದಲ್ಲಿ ಈ ಬಗೆ ಮರುಕಳಿಸುವುದು, ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಎರಡನೆಯ ಬಗೆಗಿಂತ ಕಡಿಮೆ ಎಂದೂ ಆಕೆಗೆ ಹೇಳಿದೆ.

ದಂಪತಿಗಳಿಗೆ ನಾನು ಹೇಳುವುದು ಇಷ್ಟು. ತುಟಿ ಚುರುಗುಟ್ಟಿದ ಗಳಿಗೆಯಿಂದ ಹಕ್ಕಳೆ ಉದುರಿ ಹೊಸ ಚರ್ಮ ಕಾಣುವವರೆಗೆ ಮುತ್ತೂ ಬೇಡ, ಓರಲ್ ಸೆಕ್ಸೂ ಬೇಡ. ಗುಳ್ಳೆಯಲ್ಲಿ ನೀರಿರುವಾಗ ಅಪಾಯ ಅತಿ ಹೆಚ್ಚು. ಏನೂ ಇಲ್ಲದ ದಿನಗಳಲ್ಲೂ ಜೊಲ್ಲಿನಲ್ಲಿ ಆಗೊಮ್ಮೆ ಈಗೊಮ್ಮೆ ವೈರಸ್ ಇರುತ್ತದೆ, ಹಾಗಾಗಿ ಅಪಾಯ ಸೊನ್ನೆಗೆ ಇಳಿಯದು. ಅದಕ್ಕೆ ಹೆದರಿ ವರ್ಷವಿಡೀ ದೂರ ಕೂರುವುದು ಹುಚ್ಚುತನ. ಇಬ್ಬರಿಗೂ ಇದೇ ವೈರಸ್ ಮೊದಲೇ ಇದ್ದರೆ ಮತ್ತೆ ಪರಸ್ಪರ ಅಂಟುವ ಸಂಭವ ತೀರಾ ಕಡಿಮೆ. ಗುಳ್ಳೆ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ಒಯ್ಯಬೇಡಿ, ಕಣ್ಣಿನ ಪಾಪೆಗೆ ತಗಲಿದರೆ ದೃಷ್ಟಿಗೇ ಕುತ್ತು.

ಎಂಜಲಿನ ವಿಚಾರದಲ್ಲಿ ನಾವು ಮಹಾ ಮಡಿವಂತರು. ಗುಳ್ಳೆ ಎದ್ದವರ ಲೋಟವನ್ನು ಬೇರೆ ಇಡುತ್ತೇವೆ, ಅದೇ ತುಟಿಯಿಂದ ಮಗುವಿಗೆ ಮುತ್ತು ಕೊಟ್ಟರೆ ಸುಮ್ಮನಿರುತ್ತೇವೆ. ಲೋಟದಿಂದ ಅಂಟುವುದು ಅಪರೂಪ, ಚರ್ಮಕ್ಕೆ ಚರ್ಮ ತಾಗಿದಾಗ ಅಂಟುವುದೇ ಹೆಚ್ಚು. ನಾಮಕರಣದ ದಿನ ತುಟಿಯಲ್ಲಿ ಗುಳ್ಳೆ ಇರುವ ನೆಂಟರು ಯಾರೇ ಆಗಿರಲಿ, ಹಸುಗೂಸಿಗೆ ಮುತ್ತಿಡಲು ಬಿಡಬೇಡಿ. ತಿಂಗಳು ತುಂಬದ ಕೂಸಿನಲ್ಲಿ ಈ ಸೋಂಕು ಮೆದುಳಿಗೆ ಏರಿ ಜೀವ ತೆಗೆಯಬಲ್ಲದು. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಜನನಾಂಗದ ಹರ್ಪಿಸ್ ಮೊದಲ ಬಾರಿ ತಗಲಿದರೂ ಮಗುವಿಗೆ ದೊಡ್ಡ ಅಪಾಯ. ಆಗ ಗಂಡನ ತುಟಿಯ ಗುಳ್ಳೆಯನ್ನು ಹಗುರವಾಗಿ ಕಾಣಬಾರದು.

ಅಂಗಡಿಯಲ್ಲಿ ಕೇಳಿ ಕೊಳ್ಳುವ ಸ್ಟೀರಾಯ್ಡ್ ಬೆರೆತ ಮುಲಾಮು ಗುಳ್ಳೆಗೆ ಹಾಕಿದರೆ ವೈರಸ್ಸಿಗೆ ಹಬ್ಬ. ವೈರಸ್ ತಡೆಯುವ ಅಸೈಕ್ಲೋವಿರ್ ಮುಲಾಮಿನಿಂದಲೂ ಲಾಭ ಅಲ್ಪ. ಪದೇ ಪದೇ ಬರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮನೆಯಲ್ಲಿಟ್ಟುಕೊಂಡು ಚುರುಗುಟ್ಟಿದ ಕೂಡಲೇ ನುಂಗಿದರೆ ಕಾಯಿಲೆ ಒಂದೆರಡು ದಿನ ಬೇಗ ಮುಗಿಯುತ್ತದೆ. ವೈರಸ್ ಮಾತ್ರ ನರದ ಬುಡ ಬಿಟ್ಟು ಕದಲುವುದಿಲ್ಲ.

“ಹಾಗಾದರೆ ನನಗೆ ಇದು ಯಾರಿಂದ ಬಂತು?” ಎಂದು ಎರಡನೆಯ ಭೇಟಿಯಲ್ಲಿ ಆತ ಕೇಳಿದರು. ಚಿಕ್ಕಂದಿನಲ್ಲಿ ನಿಮ್ಮನ್ನು ಮುದ್ದಾಡಿದವರಲ್ಲಿ ಯಾರಿಂದಲೋ ಬಂದಿರಬಹುದು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಅಜ್ಜಿಗೂ ಹೀಗೇ ಆಗುತ್ತಿತ್ತು” ಎಂದರು. ಆಕೆ ಗಂಡನ ತುಟಿಯನ್ನೇ ನೋಡುತ್ತಿದ್ದರು. ಹಕ್ಕಳೆ ಉದುರಿತ್ತು.