ಹುಣಸೆಹಣ್ಣು ಬದಿಗಿಡಿ, ಮೊದಲು ಎಂಜಿನ್ ನೋಡಿ

ಮೈಸೂರಿನ ಹಳೆ ಮನೆಗಳ ಅಟ್ಟ ಖಾಲಿ ಮಾಡುವಾಗ ಅಪರೂಪಕ್ಕೆ ಒಂದು ಪುಟ್ಟ ರೈಲು ಎಂಜಿನ್ ಸಿಗುತ್ತದೆ. ಕೀ ಕೊಡುವುದಲ್ಲ, ಬ್ಯಾಟರಿಯದೂ ಅಲ್ಲ. ನೀರು ಕಾಯಿಸಿ ನಿಜವಾದ ಹಬೆಯಲ್ಲೇ ಓಡಿಸುವಂಥದ್ದು. ಸಿಕ್ಕ ತಕ್ಷಣ ಮನೆಯವರು ಹುಣಸೆಹಣ್ಣು ಹಾಕಿ ತಿಕ್ಕಿಬಿಡುತ್ತಾರೆ. ರಿಪೇರಿಗೆ ನನ್ನ ಬಳಿ ಬರುವ ಹೊತ್ತಿಗೆ ಅದು ಹಬ್ಬದ ದಿನದ ದೀಪದ ಕಂಬದಂತೆ ಹೊಳೆಯುತ್ತಿರುತ್ತದೆ. ಯಾರು ಮಾಡಿದ್ದು ಎಂದು ಹೇಳುವ ಗುರುತು ಮಾತ್ರ ಇರುವುದಿಲ್ಲ.

ಎಷ್ಟೋ ಮಾದರಿಗಳಲ್ಲಿ ಕಂಪನಿಯ ಗುರುತು ಕೆತ್ತಿದ್ದಲ್ಲ, ತಗಡಿನ ಬಣ್ಣದ ಮೇಲೆ ಅಂಟಿಸಿದ ತೆಳ್ಳನೆಯ ಅಕ್ಷರ. ಒಂದು ಸಲ ತಿಕ್ಕಿದರೆ ಹೋಯಿತು. ಕೊಳೆಯೂ ಕೆಲಸಕ್ಕೆ ಬರುತ್ತದೆ. ಬೆಸುಗೆಯ ಪಕ್ಕದಲ್ಲಿ ಬಿಳಿ ಗೆರೆ ಇಳಿದಿದ್ದರೆ ಅಲ್ಲಿ ನೀರೋ ಹಬೆಯೋ ಸೋರಿದೆ ಅಂತ ಅರ್ಥ. ಹಾಗಾಗಿ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಆಮೇಲೆ ಬಟ್ಟೆ ಹಿಡಿಯಿರಿ.

ಗುರುತಿಸುವ ಕೆಲಸ ಗೇಜ್‌ನಿಂದ, ಅಂದರೆ ಹಳಿಗಳ ನಡುವಿನ ಅಂತರದಿಂದ ಶುರು. ಹಳಿ ಇದ್ದರೆ ಎರಡು ಹಳಿಗಳ ಒಳ ಅಂಚಿನ ನಡುವೆ ಅಳೆಯಿರಿ. 32 ಮಿ.ಮೀ. ಬಂದರೆ ಓ ಗೇಜ್, 45 ಬಂದರೆ ಒಂದನೇ ಗೇಜ್. ಬರೀ ಎಂಜಿನ್ ಇದ್ದರೆ ಚಕ್ರಗಳ ಒಳಮೈ ನಡುವೆ ಅಳೆಯಬೇಕು, ಲೆಕ್ಕ ಸ್ವಲ್ಪ ಕಡಿಮೆ ಬರುತ್ತದೆ. 89 ಅಥವಾ 127 ಮಿ.ಮೀ. ಇದ್ದರೆ, ಅಂದರೆ ಮೂರೂವರೆ ಇಲ್ಲವೇ ಐದು ಇಂಚು, ಅದು ಬಹುಪಾಲು ಯಾರೋ ಹವ್ಯಾಸಿ ನಕ್ಷೆ ನೋಡಿಕೊಂಡು ಲೇತ್‌ನಲ್ಲಿ ತಾನೇ ಮಾಡಿದ್ದು. ಅದರಲ್ಲಿ ಕಂಪನಿ ಹೆಸರು ಹುಡುಕಿದರೆ ಸುಮ್ನೆ ಟೈಮ್ ವೇಸ್ಟ್. ಹಾರ್ನ್‌ಬಿ ಕಂಪನಿ 1979ರಲ್ಲಿ ತಂದ ‘ರಾಕೆಟ್’ ಮಾತ್ರ ಮೂರೂವರೆ ಇಂಚಿನದೇ ಆದರೂ ಕಾರ್ಖಾನೆಯ ಮಾಲು.

“ಇದು ನಮ್ಮ ರೈಲ್ವೆ ಮ್ಯೂಸಿಯಂನಲ್ಲಿರೋ ಎಂಜಿನ್ನೇ ಅಲ್ವಾ ಸಾರ್?” ಎಂದು ಬಹಳ ಜನ ಕೇಳುತ್ತಾರೆ. ಸಾಮಾನ್ಯವಾಗಿ ಅಲ್ಲ. ಹಳೆಯ ಸಣ್ಣ ಮಾದರಿಗಳಲ್ಲಿ ಎಷ್ಟೋ ಯಾವ ನಿಜ ಎಂಜಿನ್ನಿನ ನಕಲೂ ಅಲ್ಲ. ಆದರೂ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಸಿಲಿಂಡರ್, ಪಿಸ್ಟನ್ ರಾಡ್, ಚಕ್ರದ ರಾಡ್ ಹೇಗೆ ಜೋಡಿಸಿದ್ದಾರೆ ಎಂದು ಹತ್ತಿರದಿಂದ ನೋಡಬಹುದು. ಅಲ್ಲಿ ಸಿಲಿಂಡರ್ ಅಲುಗಾಡುವುದಿಲ್ಲ. ನಿಮ್ಮ ಮಾದರಿಯಲ್ಲಿ ಚಕ್ರ ತಿರುಗಿಸಿದಾಗ ಸಿಲಿಂಡರೇ ತೂಗಾಡಿದರೆ ಅದು ಸರಳ ಜಾತಿಯದು. 1920–30ರ ದಶಕದ ಬೋಮನ್ ಕಂಪನಿಯದು ಹಾಗಿತ್ತು, ಆಮೇಲೆ ಬಂದ ಮಾಮೋಡ್ ಕಂಪನಿಯದೂ ಹಾಗೇ. ಬೋಮನ್ ಆದರೆ 32 ಮಿ.ಮೀ. ಹಳಿಗೆ ಮೈ ಜಾಸ್ತಿಯೇ ದೊಡ್ಡದು, ನೋಡಿದರೇ ಗೊತ್ತಾಗುತ್ತದೆ.

ಇನ್ನೂ ಹಳೆಯದಾದರೆ ಜರ್ಮನಿಯ ನ್ಯೂರೆಂಬರ್ಗ್ ಕಡೆ ನೋಡಬೇಕು. ‘ಜಿಬಿಎನ್’ ಇದ್ದರೆ ಬಿಂಗ್ ಕಂಪನಿ, ‘ಬಿಡಬ್ಲ್ಯೂ’ ಇದ್ದರೆ ಅದೇ ಕಂಪನಿಯ ನಂತರದ ಕಾಲದ್ದು. ಅಲ್ಲಿನದೇ ಇನ್ನೊಂದು ಕಂಪನಿ ಕ್ಯಾರೆಟ್ 1917ರಲ್ಲೇ ಮುಚ್ಚಿತು. ಬಿಂಗ್, ಕ್ಯಾರೆಟ್ ಎರಡೂ ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಕಂಪನಿಗೆ ಎಂಜಿನ್ ಮಾಡಿಕೊಡುತ್ತಿದ್ದವು. ಹಾಗಾಗಿ ಮಾರಿದವರ ಹೆಸರು ಒಂದು, ಮಾಡಿದವರು ಇನ್ನೊಬ್ಬರು. ಜಪಾನಿನ ಆಸ್ಟರ್ ಕಂಪನಿಯ ಎಂಜಿನ್ ಬಂದಿದ್ದು 1975ರಲ್ಲಿ, 45 ಮಿ.ಮೀ. ಗೇಜ್‌ನಲ್ಲಿ.

ಗುರುತು ಅಳಿಸಿದ್ದರೆ ನಾನು ಸ್ಕ್ರೂ ನೋಡುತ್ತೇನೆ. ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಬಿಎ (ಸಣ್ಣ ಸ್ಕ್ರೂಗಳ ಹಳೆಯ ಬ್ರಿಟಿಷ್ ಅಳತೆ) ಥ್ರೆಡ್, ಜರ್ಮನ್ ಮತ್ತು ಜಪಾನಿನದರಲ್ಲಿ ಸಾಮಾನ್ಯವಾಗಿ ಮೆಟ್ರಿಕ್. ರಿಪೇರಿಯಲ್ಲಿ ಜಾಸ್ತಿ ಹಾಳಾಗುವುದೂ ಇಲ್ಲೇ. 6 ಬಿಎ ಸ್ಕ್ರೂವಿನ ದಪ್ಪ 2.8 ಮಿ.ಮೀ., ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ) 0.53. ಅಂಗಡಿಯಲ್ಲಿ ಸಿಗುವ ಮೆಟ್ರಿಕ್ ಎಂ3 ಸ್ಕ್ರೂವಿನ ದಪ್ಪ 3 ಮಿ.ಮೀ., ಪಿಚ್ 0.5. ಕಣ್ಣಿಗೆ ಎರಡೂ ಒಂದೇ. ಒತ್ತಿ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಆಮೇಲೆ ಹಿತ್ತಾಳೆಯ ಥ್ರೆಡ್ಡೇ ಕಿತ್ತು ಬರುತ್ತದೆ. ಬೆರಳಲ್ಲಿ ಸಲೀಸಾಗಿ ಹೋಗದ ಸ್ಕ್ರೂಗೆ ಸ್ಕ್ರೂಡ್ರೈವರ್ ಹಾಕಲೇಬೇಡಿ.

ಈಗ ಬಾಯ್ಲರ್. ಇದನ್ನು ಯಾವುದರಿಂದ ಬೆಸೆದಿದ್ದಾರೆ ಎನ್ನುವುದೇ ಮುಖ್ಯ. ತವರ-ಸೀಸದ ಬೆಸುಗೆ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಬೆಳ್ಳಿ ಬೆಸುಗೆಗೆ 600 ದಾಟಬೇಕು. ಒಳಗೆ ನೀರಿರುವವರೆಗೆ ತವರದ ಬೆಸುಗೆಯೂ ತಾಳುತ್ತದೆ. ನೀರು ಮುಗಿದು ಬೆಂಕಿ ಉರಿಯುತ್ತಿದ್ದರೆ ಬಾಯ್ಲರ್ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಸಣ್ಣ ಮಾದರಿಗಳಲ್ಲಿ ನೀರಿಗಿಂತ ಮೊದಲು ಇಂಧನ ಮುಗಿಯಬೇಕು. ನೀರು ನೋಡದೆ ಎರಡನೇ ಸಲ ಇಂಧನ ಹಾಕಬಾರದು.

ಹಳೆ ಬಾಯ್ಲರ್‌ಗೆ ಬೆಂಕಿ ಹಚ್ಚುವ ಮೊದಲು ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿಸಿ. ಹೊಸ ಬಾಯ್ಲರ್‌ಗೆ ಕೆಲಸದ ಒತ್ತಡದ ಎರಡರಷ್ಟು, ನಂತರದ ಪರೀಕ್ಷೆಗಳಿಗೆ ಒಂದೂವರೆಯಷ್ಟು ಎನ್ನುವುದು ಬ್ರಿಟನ್ನಿನ ಹವ್ಯಾಸಿ ಕ್ಲಬ್‌ಗಳ ಪದ್ಧತಿ. ಕೆಲವರು ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಸಿ ನೋಡಿದೆವು ಎನ್ನುತ್ತಾರೆ. ಕೇಳಿದರೇ ಎದೆ ಧಸಕ್ ಎನ್ನುತ್ತದೆ. ನೀರು ತುಂಬಿದ ಬಾಯ್ಲರ್ ಬಿರುಕು ಬಿಟ್ಟರೆ ನೀರು ಚಿಮ್ಮಿ ಒತ್ತಡ ಇಳಿಯುತ್ತದೆ. ಅದುಮಿದ ಗಾಳಿ ಹಾಗಲ್ಲ, ಚೂರುಗಳನ್ನು ಎಸೆಯುತ್ತದೆ. ಸೇಫ್ಟಿ ವಾಲ್ವ್‌ನ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ವಾಲ್ವನ್ನೇ ಬದಲಿಸಿ. ಸೋರುತ್ತದೆ ಅಂತ ಬಿಗಿ ಮಾಡುವುದು ಬೇಡ.

ಹಳೆಯ ಬತ್ತಿಯಲ್ಲಿ, ಗ್ಲ್ಯಾಂಡ್ ಪ್ಯಾಕಿಂಗ್‌ನಲ್ಲಿ (ಪಿಸ್ಟನ್ ರಾಡ್ ಸುತ್ತ ಹಬೆ ಸೋರದಂತೆ ತುಂಬುವ ನಾರು), ಬಾಯ್ಲರ್ ಸುತ್ತಿನ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಬೂದು-ಬಿಳಿ ನಾರು ಕಂಡರೆ ಒಣಗಿರುವಾಗ ಕೆರೆಯಬೇಡಿ, ಊದಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಗೊತ್ತಿದ್ದವರ ಕೈಯಲ್ಲಿ, ಒದ್ದೆ ಮಾಡಿಯೇ ತೆಗೆಸಿ. ಬದಲಿಗೆ ಗ್ರ್ಯಾಫೈಟ್ ನೂಲು, ಗಾಜಿನ ನಾರಿನ ಬತ್ತಿ ಇದೆ.

ನೀರು ಡಿಸ್ಟಿಲ್ಡ್ ಆಗಿರಲಿ, ಇಲ್ಲವೇ ಸೋಸಿದ ಮಳೆನೀರು. ಬೋರ್‌ವೆಲ್ ನೀರು ಹಾಕಿದರೆ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರ ಬಾಯ್ಲರ್ ಒಳಗೂ ಕಟ್ಟುತ್ತದೆ. ಎಣ್ಣೆಯಲ್ಲಿ ಬೈಕ್‌ನ ಎಂಜಿನ್ ಆಯಿಲ್ ನಡೆಯುವುದಿಲ್ಲ. ಸಿಲಿಂಡರ್‌ಗೆ ದಪ್ಪನೆಯ ಸ್ಟೀಮ್ ಆಯಿಲ್ಲೇ ಬೇಕು. ಲೂಬ್ರಿಕೇಟರ್ (ಹಬೆಗೆ ಎಣ್ಣೆ ಸೇರಿಸುವ ಪುಟ್ಟ ಡಬ್ಬಿ) ಇದ್ದರೆ ಓಡಿಸಿದ ಮೇಲೆ ಅದರ ತಳದಲ್ಲಿ ನಿಂತ ನೀರನ್ನು ಸಿರಿಂಜ್‌ನಲ್ಲಿ ಎಳೆದು ಹೊಸ ಎಣ್ಣೆ ತುಂಬಿ.

ಗ್ಯಾಸ್ ಮಾದರಿ ತಂದವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ. ಬ್ಯೂಟೇನ್‌ಗಾಗಿ ಮಾಡಿದ ಟ್ಯಾಂಕ್‌ಗೆ ಅಡುಗೆ ಸಿಲಿಂಡರ್‌ನಿಂದ ಗ್ಯಾಸ್ ತುಂಬಬಾರದು. ಅಡುಗೆ ಗ್ಯಾಸ್‌ನಲ್ಲಿ ಪ್ರೊಪೇನ್ ಕೂಡ ಇರುತ್ತದೆ, ಅದರ ಒತ್ತಡ ಬ್ಯೂಟೇನ್‌ಗಿಂತ ಬಹಳ ಹೆಚ್ಚು. ಆ ಪುಟ್ಟ ಟ್ಯಾಂಕ್ ಅದಕ್ಕೆಂದು ಮಾಡಿದ್ದಲ್ಲ. ‘ತುಂಬಿಸಿ ನೋಡಿದ್ವಿ, ಏನೂ ಆಗಲಿಲ್ಲ’ ಎಂದು ತಂದರೆ, ಟ್ಯಾಂಕ್ ಬದಲಿಸದೆ ನಾನು ಆ ಎಂಜಿನ್‌ಗೆ ಬೆಂಕಿ ಹಚ್ಚುವುದಿಲ್ಲ.